ಕಸದ ಗುಡ್ಡೆಯಲ್ಲಿ ನಿಧಿ ಇಲ್ಲ ಸ್ವಾಮಿ

ಹಳೇ ಕಸದ ಗುಡ್ಡೆ ಅಗೆದು ಇಂಧನ ತೆಗೀತಾರೆ ಅಂದ ಕೂಡ್ಲೇ ನಮ್ಮ ಜನಕ್ಕೆ ನಿಧಿ ಸಿಕ್ಕಷ್ಟು ಖುಷಿ. ಬಯೋಮೈನಿಂಗ್ ಅಂತ ಹೆಸರು. ಅಗೆದು, ತಿರುವಿ ಹಾಕಿ ಒಣಗಿಸಿ, ದೊಡ್ಡ ಜರಡಿಯಲ್ಲಿ ಸೋಸೋದು. ಪ್ಲಾಸ್ಟಿಕ್, ಬಟ್ಟೆ ಚೂರು ಸಿಮೆಂಟ್ ಕಾರ್ಖಾನೆಯ ಒಲೆಗೆ, ಕಲ್ಲು ಇಟ್ಟಿಗೆ ತಗ್ಗು ತುಂಬೋಕೆ. ಆದ್ರೆ ವರ್ಷಗಟ್ಟಲೆ ಹೂತಿದ್ದ ಪ್ಲಾಸ್ಟಿಕ್‌ಗೆ ಮಣ್ಣು ಮೆತ್ತಿರುತ್ತೆ, ಒದ್ದೆ ಬೇರೆ. ಉರಿಸಿದ್ರೆ ಬೂದಿಯೇ ಜಾಸ್ತಿ. ಸಿಗೋದ್ರಲ್ಲಿ ದೊಡ್ಡ ಪಾಲು ಮಣ್ಣಿನಂಥ ಪುಡಿ. ಅದರಲ್ಲೂ ಸೀಸ-ಗೀಸ ಇರಬಹುದು, ಪರೀಕ್ಷೆ ಮಾಡದೆ ಹೊಲಕ್ಕೆ ಹಾಕೋ ಹಾಗಿಲ್ಲ.

ಮತ್ಯಾಕೆ ಅಗೀಬೇಕು? ಜಾಗಕ್ಕೆ, ಸುತ್ತಲಿನವರ ಬಾವಿ ನೀರಿಗೆ. ಇಂದೋರಿನ ದೇವಗುರಾಡಿಯಾದಲ್ಲಿ ಸುಮಾರು 13 ಲಕ್ಷ ಟನ್ ಕಸ ಕರಗಿಸಿ 100 ಎಕರೆ ಬಿಡಿಸಿಕೊಂಡ್ರು. ಅಲ್ಲಿ ಮನೆಯಲ್ಲೇ ಕಸ ಬೇರೆ ಮಾಡಿಸಿದ್ದೇ ದೊಡ್ಡ ಕೆಲಸ. ನಮ್ಮ ಬೆಂಗಳೂರಲ್ಲಿ? 2012ರಲ್ಲಿ ಮಾವಳ್ಳಿಪುರ ಮುಚ್ಚಿದ್ಮೇಲೆ ಲಾರಿಗಳು ಮಂಡೂರಿನ ಕಡೆ ತಿರುಗಿದವು. 2014ರಲ್ಲಿ ಮಂಡೂರಿನವರೂ ರಸ್ತೆಗಿಳಿದ್ರು, ಲಾರಿ ಮತ್ತೊಂದೂರಿಗೆ.

ಈ ಹಳೇ ಕಸಕ್ಕೆ ಅಧಿಕಾರಿಗಳ ಭಾಷೇಲಿ ಲೆಗಸಿ ವೇಸ್ಟ್ ಅಂತಾರೆ. ಲೆಗಸಿ ಕೋಡ್ ರಿಪೇರಿ ಮಾಡಿದವರಿಗೆ ಗೊತ್ತು, ನೀವು ಸರಿಮಾಡ್ತಿರುವಾಗಲೇ ಇನ್ನೊಬ್ಬ ಹೊಸ ಬಗ್ ತುರುಕ್ತಿದ್ರೆ ಕೆಲಸ ಮುಗಿಯೋದೇ ಇಲ್ಲ :) ಅಗೆಯೋಕೆ ಟನ್ನಿಗಿಷ್ಟು ಅಂತ ಗುತ್ತಿಗೆ ಕೊಡೋ ಮೊದಲು, ಬೆರಕೆ ಕಸದ ಲಾರಿ ನಿಲ್ಲಿಸಿ ಅಂತೀನಿ ನಾನು.

ಅಂದಹಾಗೆ, ನಮ್ಮ ಅಪಾರ್ಟ್‌ಮೆಂಟಲ್ಲಿ ನಿನ್ನೆಯೂ ಹಸಿ ಕಸದ ಡಬ್ಬದಲ್ಲಿ ಡೈಪರ್ ಸಿಕ್ತು...