ಗಣತಿಯ ಮುಂದೆ ನಾವು ಯಾರು?

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರದಿನವೆಂದು ಸರಕಾರವು 2025ರಲ್ಲಿ ಗೊತ್ತುಪಡಿಸಿತು. ಮಾತೃಭಾಷೆ ಯಾವುದೆಂದು ಕೇಳಿದರೆ ಮಾಟುಂಗದ ನಮ್ಮವರು ಏನೆಂದು ಬರೆಯಿಸಬೇಕು? ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು: ಇದು ನಮ್ಮ ನಿತ್ಯದ ಬಾಳು. ಎಲ್ಲರೂ ಕನ್ನಡವೆಂದೇ ಬರೆಯಿಸಿದರೆ ಸಂಖ್ಯಾಬಲ ಹೆಚ್ಚುವುದೆಂಬ ವಾದವುಂಟು. ಅದನ್ನು ನಾವು ಒಪ್ಪಲಾರೆವು.

ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದಾಗ ಕರ್ನಾಟಕ ರಾಜ್ಯವೇ ಇರಲಿಲ್ಲ. ಮೈಸೂರಿನವನು ಸಂಸ್ಥಾನದ ಪ್ರಜೆ. ಉಡುಪಿಯವನು ಮದ್ರಾಸು ಆಧಿಪತ್ಯದವನು. ಧಾರವಾಡದವನು ಮುಂಬಯಿ ಆಧಿಪತ್ಯದವನೇ. 1956ರ ನವೆಂಬರ್ 1ರಂದು ಇವರೆಲ್ಲರ ಊರುಗಳು ಒಂದೇ ರಾಜ್ಯಕ್ಕೆ ಸೇರಿದವು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಅರುವತ್ತರ ದಶಕದಲ್ಲಿ ಈ ನಗರದಲ್ಲಿ ದಾಕ್ಷಿಣಾತ್ಯರ ವಿರುದ್ಧ ಚಳವಳಿ ಎದ್ದಾಗ ತಮಿಳನೂ ಮಲಯಾಳಿಯೂ ನಮ್ಮವನೂ ಒಂದೇ ‘ಮದ್ರಾಸಿ’ ಎನಿಸಿದರು. ಹೀಗೆ ನಮ್ಮ ಹೆಸರನ್ನು ಬಹುಕಾಲ ಪರರೇ ಇಟ್ಟರು.

ವೆಸ್ಟ್ ಇಂಡೀಸಿನ ಟ್ರಿನಿಡಾಡಿನ ನಿದರ್ಶನವು ಇಲ್ಲಿ ಬೋಧಪ್ರದವಾಗಿದೆ. 1845ರಿಂದ 1917ರವರೆಗೆ ಕಬ್ಬಿನ ತೋಟಗಳ ಕೂಲಿಗೆಂದು ಅಲ್ಲಿಗೆ ಒಯ್ಯಲ್ಪಟ್ಟ ಭಾರತೀಯರ ಸಂತತಿಯವರ ಮನೆಮಾತು ಇಂದು ಬಹುತೇಕ ಇಂಗ್ಲಿಷು. ಭೋಜಪುರಿ ನಾಲಗೆಯಿಂದ ಜಾರಿದರೂ ಗಣತಿಯಲ್ಲಿ ಅವರು ತಮ್ಮನ್ನು ಭಾರತೀಯ ಮೂಲದವರೆಂದೇ ಹೇಳಿಕೊಳ್ಳುತ್ತಾರೆ. ಅಲ್ಲಿನ 2011ರ ಗಣತಿಯಲ್ಲಿ ನೂರಕ್ಕೆ 22ಕ್ಕೂ ಮಿಕ್ಕಿದ ಜನರು ತಾವು ಮಿಶ್ರಮೂಲದವರೆಂದು ನಿಸ್ಸಂಕೋಚವಾಗಿ ಬರೆಯಿಸಿದರು. ತಾನು ಯಾರೆಂಬುದನ್ನು ತಾನೇ ಹೇಳುವ ಈ ಧೈರ್ಯವು ಅನುಕರಣೀಯ.

ನಮ್ಮ ಗಣತಿಯ ನಿಯಮವೂ ಸ್ಪಷ್ಟವಾಗಿದೆ: ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿಯೇ ಮಾತೃಭಾಷೆ. ಬಲ್ಲ ಇನ್ನೆರಡು ಭಾಷೆಗಳನ್ನು ಬರೆಯಿಸಲು 2011ರಲ್ಲಿ ಪ್ರತ್ಯೇಕ ಸ್ಥಳವಿತ್ತು. ಆಗ ದೇಶದಲ್ಲಿ 18 ಲಕ್ಷಕ್ಕೂ ಮಿಕ್ಕಿ ಜನರು ತುಳುವೆಂದು ಬರೆಯಿಸಿದರು. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಸ್ಥಾನ ಬೇಡುತ್ತಿರುವ ಆ ಭಾಷೆಗೆ ಪ್ರತಿಯೊಂದು ಹೆಸರೂ ಅಮೂಲ್ಯ. ಅದನ್ನು ಕಿತ್ತು ಕನ್ನಡದ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ಅಂಕೆ ಇಳಿದರೆ ಕನ್ನಡದ ಶಾಲೆಗಳಿಗೆ ಕೇಡೆಂಬ ಭೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಂಚಿನ ಮೇಲೆ ಮಕ್ಕಳಿಲ್ಲದ ಶಾಲೆಯನ್ನು ಯಾವ ಅಂಕೆಯೂ ಉಳಿಸಲಾರದು. ತುಳುವರೂ ಕೊಂಕಣಿಗರೂ ಈ ನಗರದಲ್ಲಿ ಕನ್ನಡದ ಶಾಲೆ, ಪತ್ರಿಕೆ, ನಾಟಕಗಳನ್ನು ಪೋಷಿಸಿದುದು ತಾವೇ ಆರಿಸಿಕೊಂಡ ನುಡಿಯೆಂಬ ಪ್ರೀತಿಯಿಂದ. ಅಂಥ ಪ್ರೀತಿಗೆ ಸುಳ್ಳಿನ ಆಸರೆ ಬೇಕಿಲ್ಲ.

ಆದುದರಿಂದ ವಾಚಕರು ತಾಯಿಯ ನುಡಿಯನ್ನು ಇದ್ದಂತೆಯೇ ಬರೆಯಿಸಲಿ. ಅವಕಾಶವಿದ್ದಲ್ಲಿ ಕನ್ನಡವನ್ನು ಅದರ ಮಗ್ಗುಲಲ್ಲಿಯೇ ಬರೆಯಿಸಲಿ. ಮಕ್ಕಳ ಹೆಸರಿನ ಮುಂದೆಯೂ ಕನ್ನಡವೆಂದು ನಿಜವಾಗಿ ಬರೆಯಿಸುವಂತೆ ಅವರಿಗೆ ಅದನ್ನು ಇಂದಿನಿಂದಲೇ ಕಲಿಸಲಿ.