ಅಭ್ಯಾಸವೆಂಬ ಮಾತು

ಕನ್ನಡದಲ್ಲಿ ‘ಅಭ್ಯಾಸ’ ಎಂಬುದೊಂದು ವಿಚಿತ್ರವಾದ ಶಬ್ದ. ಮಗ ಕಾಲೇಜಿನಲ್ಲಿ ಮಾಡುವುದೂ ಅಭ್ಯಾಸ. ಮಗಳು ವೀಣೆಯ ಮುಂದೆ ಕುಳಿತು ಮಾಡುವುದೂ ಅಭ್ಯಾಸ. ಬೆಳಿಗ್ಗೆ ಕಾಫಿಯಿಲ್ಲದೆ ಪತ್ರಿಕೆಯನ್ನು ಬಿಡಿಸಲಾರದ ಮನೆಯ ಯಜಮಾನರದೂ ಅಭ್ಯಾಸವೇ. ಓದು, ಸಾಧನೆ, ಚಟ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟದ್ದು ನಮ್ಮ ಹಿರಿಯರ ಅನವಧಾನವೆಂದೇ ನಾನು ಬಹುಕಾಲ ಭಾವಿಸಿದ್ದೆ. ಬೆನ್ ಹೋಗನ್ ಎಂಬ ಅಮೆರಿಕದ ಗಾಲ್ಫ್ ಆಟಗಾರನ ಜೀವನವನ್ನು ಓದಿದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಗಾಲ್ಫ್ ನಮ್ಮಲ್ಲಿ ಅನೇಕರಿಗೆ ಅಪರಿಚಿತವಾದ ಆಟ. ವಿಶಾಲವಾದ ಹಸಿರು ಬಯಲಿನಲ್ಲಿ ಹದಿನೆಂಟು ಕುಳಿಗಳು. ಅತ್ಯಂತ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಒಂದೊಂದಾಗಿ ಅವುಗಳಲ್ಲಿ ಇಳಿಸಿದವನು ಗೆದ್ದಂತೆ. ಇಲ್ಲಿ ಎದುರಾಳಿ ನಮ್ಮ ಚೆಂಡನ್ನು ಮುಟ್ಟುವಂತಿಲ್ಲ. ತಪ್ಪಿದರೆ ದೂರಲು ಬೇರೆ ಯಾರೂ ಇಲ್ಲ!

ಹೋಗನ್ ಹುಟ್ಟಿದ್ದು 1912ರಲ್ಲಿ, ಟೆಕ್ಸಾಸ್ ಪ್ರಾಂತದಲ್ಲಿ. ತಂದೆ ಕಮ್ಮಾರ. ಬಾಲಕನಿಗೆ ಒಂಬತ್ತು ವರ್ಷವಾಗಿದ್ದಾಗ ಆ ತಂದೆ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡ. ಮನೆಯ ಕಷ್ಟಕ್ಕೆ ಹುಡುಗ ಫೋರ್ಟ್ ವರ್ತ್ ನಗರದಲ್ಲಿ ವೃತ್ತಪತ್ರಿಕೆ ಮಾರಿದ. ಬಳಿಕ ಗ್ಲೆನ್ ಗಾರ್ಡನ್ ಕ್ಲಬ್ಬಿನಲ್ಲಿ ಶ್ರೀಮಂತರ ಗಾಲ್ಫ್ ಚೀಲ ಹೊರುವ ಕೆಲಸಕ್ಕೆ ನಿಂತ. ಅದೇ ಕೆಲಸದಲ್ಲಿದ್ದ ಇನ್ನೊಬ್ಬ ಹುಡುಗ, ಮುಂದೆ ಜಗತ್ಪ್ರಸಿದ್ಧನಾದ ಬೈರನ್ ನೆಲ್ಸನ್. 1927ರ ಕ್ರಿಸ್‌ಮಸ್ ಹೊತ್ತಿನಲ್ಲಿ ಚೀಲ ಹೊರುವ ಹುಡುಗರಿಗಾಗಿ ನಡೆದ ಪಂದ್ಯದಲ್ಲಿ ಹೋಗನ್ ಒಂದೇ ಒಂದು ಹೊಡೆತದಿಂದ ನೆಲ್ಸನ್ನನಿಗೆ ಸೋತ. ಕ್ಲಬ್ಬಿನ ಕಿರಿಯರ ಸದಸ್ಯತ್ವವೂ ನೆಲ್ಸನ್ನನಿಗೇ ದಕ್ಕಿತು.

1930ರಲ್ಲಿ ಹೋಗನ್ ವೃತ್ತಿಪರ ಆಟಕ್ಕಿಳಿದ. ಹೊಡೆದ ಚೆಂಡು ಎಡಕ್ಕೆ ಬಾಗಿ ಹಾರುವುದು ಅವನನ್ನು ಬಿಡದೆ ಕಾಡಿದ ದೋಷ. ಹಣ ಮುಗಿದು ಊರಿಗೆ ಹಿಂದಿರುಗಿದ್ದು ಒಂದಕ್ಕಿಂತ ಹೆಚ್ಚು ಸಲ. 1938ರಲ್ಲಿ ಓಕ್‌ಲೆಂಡಿನ ಪಂದ್ಯಕ್ಕೆ ಪತ್ನಿ ವ್ಯಾಲರಿಯೊಡನೆ ಹೋದಾಗ ಕೈಯಲ್ಲಿ ಕೊನೆಯ ಕಾಸು. ಸಾಲದುದಕ್ಕೆ ಕಾರಿನ ಚಕ್ರಗಳನ್ನೂ ಕಳ್ಳರು ಬಿಚ್ಚಿಕೊಂಡು ಹೋಗಿದ್ದರು. ಅಲ್ಲಿ ದೊರೆತ ಸಣ್ಣ ಬಹುಮಾನವೇ ದಂಪತಿಗಳನ್ನು ಉಳಿಸಿತು. ಒಬ್ಬನೇ ಆಡಿ ಗೆದ್ದ ಮೊದಲ ಪಂದ್ಯ ಪೈನ್‌ಹರ್ಸ್ಟಿನಲ್ಲಿ, 1940ರಲ್ಲಿ. ವೃತ್ತಿಗಿಳಿದು ಹತ್ತು ವರ್ಷವಾಗಿತ್ತು! ಆ ಹತ್ತು ವರ್ಷ ಅವನು ಮಾಡಿದ್ದೇನು? ಸಹ ಆಟಗಾರರು ವಿಶ್ರಮಿಸುವ ವೇಳೆಯಲ್ಲಿ ಚೆಂಡು ಹೊಡೆಯುತ್ತ ನಿಂತದ್ದು, ಕೈ ಹಿಡಿತವನ್ನು ಕೂದಲೆಳೆಯಷ್ಟು ಬದಲಿಸಿ ಮತ್ತೆ ಹೊಡೆದದ್ದು.

1948ರ ವೇಳೆಗೆ ಮೂರು ಮಹಾಪಂದ್ಯಗಳು ಅವನ ಕೈಸೇರಿದ್ದವು. 1949ರ ಫೆಬ್ರವರಿ 2ರ ಬೆಳಿಗ್ಗೆ ಪತಿಪತ್ನಿಯರು ಕಾರಿನಲ್ಲಿ ಊರಿಗೆ ಮರಳುತ್ತಿದ್ದರು. ಟೆಕ್ಸಾಸಿನ ವ್ಯಾನ್ ಹಾರ್ನ್ ಎಂಬಲ್ಲಿಗೆ ಸಮೀಪ, ಮಂಜು ಕವಿದ ಸೇತುವೆಯ ಬಳಿ, ಲಾರಿಯನ್ನು ಹಿಂದೆ ಹಾಕಲು ಹೊರಟ ಬಸ್ಸೊಂದು ನೇರ ಎದುರಿಗೆ ಬಂತು. ಹೋಗನ್ ಪತ್ನಿಗೆ ಅಡ್ಡಲಾಗಿ ತನ್ನ ಮೈಯನ್ನು ಎಸೆದ. ಮರುಕ್ಷಣವೇ ಚಕ್ರದ ಕಂಬ ಅವನು ಕುಳಿತಿದ್ದ ಆಸನದೊಳಕ್ಕೆ ನುಗ್ಗಿತು. ಹೆಂಡತಿಯನ್ನು ಉಳಿಸಲು ಹೊರಳಿದ್ದರಿಂದಲೇ ಅವನೂ ಉಳಿದ.

ಉಳಿದ ದೇಹದಲ್ಲಿ ಸೊಂಟದ ಎಲುಬು, ಕತ್ತಿನ ಎಲುಬು, ಎಡಗಾಲಿನ ಹರಡು ಮುರಿದಿದ್ದವು. ಎಲ್ ಪಾಸೋ ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟತೊಡಗಿದಾಗ, ಕಾಲುಗಳಿಂದ ಹೃದಯಕ್ಕೆ ರಕ್ತವನ್ನೊಯ್ಯುವ ದೊಡ್ಡ ಸಿರೆಯನ್ನೇ ಕಟ್ಟಿಬಿಡಬೇಕಾಯಿತು. ಪ್ರಾಣ ಉಳಿಯಿತು, ಆದರೆ ಕಾಲುಗಳ ನೋವೂ ಬಾವೂ ಜೀವಾವಧಿ ಜತೆಗೂಡಿದವು. ಮತ್ತೆ ನಡೆಯುವುದೇ ಸಂದೇಹವೆಂದರು.

ಹದಿನಾರು ತಿಂಗಳ ಬಳಿಕ, 1950ರ ಜೂನಿನಲ್ಲಿ, ಮೆರಿಯನ್ನಿನ ಅಮೆರಿಕನ್ ಓಪನ್ ಪಂದ್ಯ. ಕೊನೆಯ ದಿನ ಮೂವತ್ತಾರು ಕುಳಿಗಳನ್ನು ನಡೆದೇ ಮುಗಿಸಬೇಕು. ಎರಡೂ ಕಾಲುಗಳಿಗೆ ಪಟ್ಟಿ ಸುತ್ತಿಕೊಂಡು ಹೋಗನ್ ಹೊರಟ. ಸಂಜೆಯ ವೇಳೆಗೆ ಹೆಜ್ಜೆ ತಡವರಿಸತೊಡಗಿತು, ಮುನ್ನಡೆಯೂ ಕರಗಿತು. ಕಟ್ಟಕಡೆಯ ಕುಳಿಯಲ್ಲಿ ಒಂದೂ ಏಟು ತಪ್ಪದೆ ಆಡಿದರಷ್ಟೇ ಸಮ. ದೂರದಿಂದ ಒಂದನೆಯ ನಂಬರಿನ ಕಬ್ಬಿಣದ ಕೋಲಿನಲ್ಲಿ ಅವನು ಹೊಡೆದ ಚೆಂಡು ಗುರಿಯ ಹಸಿರಿಗೆ ನೇರವಾಗಿ ಬಂದು ನಿಂತಿತು. ಆ ಹೊಡೆತದ ಛಾಯಾಚಿತ್ರ ಇಂದಿಗೂ ಪ್ರಖ್ಯಾತ. ಮರುದಿನ ಮೂವರ ನಡುವೆ ನಿರ್ಣಯದ ಆಟ: ಹೋಗನ್ 69, ಮ್ಯಾಂಗ್ರಮ್ 73, ಫಾಜಿಯೊ 75.

ಅವನು ಗೆದ್ದ ಒಂಬತ್ತು ಮಹಾಪಂದ್ಯಗಳಲ್ಲಿ ಆರು ಅಪಘಾತದ ಅನಂತರದವು. 1953ರಲ್ಲಿ ಆಡಿದ್ದು ಆರೇ ಪಂದ್ಯ, ಗೆದ್ದದ್ದು ಐದು. ಸ್ಕಾಟ್ಲೆಂಡಿನ ಕಾರ್ನೂಸ್ಟಿಗೆ ಹೋದದ್ದು ಆ ವರ್ಷ, ಬಾಳಿನಲ್ಲಿ ಒಂದೇ ಸಲ. ಅಲ್ಲಿ ನಾಲ್ಕು ಸುತ್ತಿನ ಲೆಕ್ಕ 73, 71, 70, 68. ಅಪರಿಚಿತ ನೆಲವನ್ನು ದಿನದಿನಕ್ಕೆ ಪಾಠದಂತೆ ಓದಿಕೊಂಡವನ ಲೆಕ್ಕವಲ್ಲವೆ ಇದು?

ಎಲ್ಲವೂ ಜಯವೇ ಎಂದು ಓದುಗರು ತಿಳಿಯಬಾರದು. 1955ರಲ್ಲಿ ಐದನೆಯ ಅಮೆರಿಕನ್ ಓಪನ್ ಕೈಗೆ ಬಂತೆಂದು ಜನ ಅಭಿನಂದಿಸುತ್ತಿರುವಾಗಲೇ ಜ್ಯಾಕ್ ಫ್ಲೆಕ್ ಎಂಬ ಅಪ್ರಸಿದ್ಧ ಆಟಗಾರ ಸಮನಾಗಿ ಬಂದು, ಮರುದಿನ ಸೋಲಿಸಿಬಿಟ್ಟ. ಫ್ಲೆಕ್ಕನ ಕೈಯಲ್ಲಿದ್ದದ್ದು ಹೋಗನ್ನನ ಕಾರ್ಖಾನೆಯಲ್ಲೇ ತಯಾರಾದ ಕೋಲುಗಳು! ಆ ಐದನೆಯ ಪದವಿ ಅವನಿಗೆ ಎಂದೂ ದಕ್ಕಲಿಲ್ಲ.

1957ರಲ್ಲಿ ಅವನ ಪಾಠಗಳು ಪುಸ್ತಕವಾದವು. ಅದರಲ್ಲಿ ಮೊದಲ ಪಾಠ ವಿಜಯದ ಗುಟ್ಟಲ್ಲ. ಕೋಲನ್ನು ಹಿಡಿಯುವ ಬಗೆ. ಪಂದ್ಯಗಳನ್ನು ಬಿಟ್ಟ ಮೇಲೂ, ಮುಪ್ಪಿನಲ್ಲಿ, ಫೋರ್ಟ್ ವರ್ತಿನ ಬಯಲಿನಲ್ಲಿ ಅವನು ಒಬ್ಬನೇ ನಿಂತು ಚೆಂಡು ಹೊಡೆಯುತ್ತಿದ್ದ. ಬಹುಮಾನವಿಲ್ಲ, ಎದುರಾಳಿಯಿಲ್ಲ. 1997ರ ಜುಲೈ 25ರಂದು ಅದೇ ಊರಿನಲ್ಲಿ ತೀರಿಕೊಂಡ.

ಆ ಮುದುಕ ಬಯಲಿನಲ್ಲಿ ಮಾಡುತ್ತಿದ್ದುದು ಓದೋ, ಸಾಧನೆಯೋ, ಚಟವೋ? ಬಿಡಿಸಿ ಹೇಳಲು ನನ್ನಿಂದಾಗದು. ಕನ್ನಡದಲ್ಲಿ ಅದಕ್ಕೆ ಒಂದೇ ಶಬ್ದವಿರುವುದು ನಮ್ಮ ಭಾಗ್ಯ.