ಹಳದಿಯಾದ ಗಣಕಕ್ಕೆ ಮತ್ತೆ ಬಿಳಿ ಮೈ

ಬಿಳಿಯ ಪ್ಲಾಸ್ಟಿಕ್ ವಸ್ತುಗಳು ವರ್ಷ ಕಳೆದಂತೆ ಹಳದಿಯಾಗುವುದು ಏಕೆ? ಹಳೆಯ ಕಂಪ್ಯೂಟರಿನ ಕೀಲಿಮಣೆ, ಫ್ರಿಜ್ಜಿನ ಹಿಡಿ, ಅಲಮಾರಿನಲ್ಲಿ ಮರೆತುಹೋದ ಕ್ಯಾಲ್ಕುಲೇಟರ್ ಎಲ್ಲಕ್ಕೂ ಇದೇ ಗತಿ. ಕೊಳೆ ಹಿಡಿದಿದೆ ಎಂದುಕೊಂಡು ಸಾಬೂನು ಹಾಕಿ ತಿಕ್ಕುವವರು ಬಹಳ ಮಂದಿ. ಕೊಳೆ ಹೋಗುತ್ತದೆ, ಹಳದಿ ಮಾತ್ರ ಅಲ್ಲೇ ಉಳಿಯುತ್ತದೆ. ಏಕೆಂದರೆ ಅದು ಹೊರಗಿನಿಂದ ಬಂದು ಅಂಟಿದ್ದಲ್ಲ, ಪ್ಲಾಸ್ಟಿಕ್ಕಿನ ಅಣುಗಳೇ ಬದಲಾದದ್ದರ ಗುರುತು.

ಹಳೆಯ ಕಿಸೆ ಗಣಕಗಳನ್ನು ಸಂಗ್ರಹಿಸುವವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಅವರಲ್ಲಿ ಹಲವರ ಬಳಿ ಇರುವ ಒಂದು ಗಣಕ ಸಿಂಕ್ಲೇರ್ ಕೇಂಬ್ರಿಜ್. ಇಂಗ್ಲೆಂಡಿನ ಸಿಂಕ್ಲೇರ್ ರೇಡಿಯಾನಿಕ್ಸ್ ಸಂಸ್ಥೆ 1973ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಂಗೈಯಲ್ಲಿ ಅಡಗುವ ಗಾತ್ರ, ಸುಮಾರು 100 ಗ್ರಾಂ ತೂಕ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟೇ ಅದರ ವಿದ್ಯೆ. ಸಿದ್ಧವಾಗಿ ಕೊಂಡರೆ ತೆರಿಗೆ ಬಿಟ್ಟು 29.95 ಪೌಂಡು, ಬೆಸುಗೆ ಹಾಕಲು ಬಲ್ಲವರು ಬಿಡಿಭಾಗಗಳ ಪೊಟ್ಟಣ ಕೊಂಡು ತಾವೇ ಜೋಡಿಸಿಕೊಂಡರೆ 24.95 ಪೌಂಡು. ಎಷ್ಟೋ ಹುಡುಗರು ಹಾಗೆ ಜೋಡಿಸಿಕೊಂಡರು. ಅದರ ಬಿಳಿ ಮಾದರಿ ಇಂದು ಯಾರದಾದರೂ ಕೈಗೆ ಸಿಕ್ಕರೆ ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿರುವ ಸಾಧ್ಯತೆಯೇ ಹೆಚ್ಚು.

ಗಣಕದ ಒಳಗಿನ ಚಿಪ್ಪಿನ ಬಗ್ಗೆ ಪುಸ್ತಕಗಳೇ ಇವೆ. ಹೊರಗಿನ ಹೊದಿಕೆಯ ಬಗ್ಗೆ ಬರೆದವರು ಕಡಿಮೆ. ಆದರೆ ಹೊದಿಕೆಗೂ ಒಂದು ಚರಿತ್ರೆಯಿದೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ಜ್ಯಾಕ್ ಕಿಲ್ಬಿ, ಜೆರ್ರಿ ಮೆರ್ರಿಮನ್ ಮತ್ತು ಜೇಮ್ಸ್ ವ್ಯಾನ್ ಟಾಸೆಲ್ 1967ರಲ್ಲಿ ಸಿದ್ಧಪಡಿಸಿದ ‘ಕ್ಯಾಲ್-ಟೆಕ್’ ಎಂಬ ಮೊದಲ ಮಾದರಿಗೆ ಅಲ್ಯೂಮಿನಿಯಂ ಗಟ್ಟಿಯನ್ನೇ ಕೊರೆದು ಹೊದಿಕೆ ಮಾಡಿದ್ದರು. ತೂಕ ಒಂದು ಕಿಲೋಗಿಂತ ಹೆಚ್ಚು! ಅದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಐದು ವರ್ಷಗಳ ನಂತರ, 1972ರಲ್ಲಿ, ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಎಚ್‌ಪಿ-35 ಬಂತು. ಸೈನ್, ಲಾಗರಿದಮ್ ಎಲ್ಲವನ್ನೂ ಲೆಕ್ಕ ಹಾಕುವ ಆ ಗಣಕಕ್ಕೆ ಬೆಲೆ 395 ಡಾಲರ್. ಅದು ಅಂಗಿಯ ಜೇಬಿನಲ್ಲಿ ಹಿಡಿಸಲೇಬೇಕು ಎಂಬುದು ಬಿಲ್ ಹ್ಯೂಲೆಟ್ ಅವರ ಪಟ್ಟು. ಹಾಗಾಗಿ ಮೊದಲು ಹೊದಿಕೆಯ ಆಕಾರ ನಿರ್ಧಾರವಾಯಿತು. ಅದರೊಳಗೆ ವಿದ್ಯುನ್ಮಾನ ಭಾಗಗಳನ್ನು ತುರುಕುವ ಕಷ್ಟ ಎಂಜಿನಿಯರುಗಳ ಪಾಲಿಗೆ ಬಂತು. ಕೀಲಿಗಳ ಮೇಲಿನ ಅಂಕಿಗಳನ್ನು ಅಚ್ಚು ಹಾಕಲಿಲ್ಲ. ಬೇರೆ ಬಣ್ಣದ ಪ್ಲಾಸ್ಟಿಕ್ಕನ್ನು ಕೀಲಿಯೊಳಗೇ ಸೇರಿಸಿ ಎರಕ ಹೊಯ್ದರು. ಐವತ್ತು ವರ್ಷ ಒತ್ತಿದರೂ ಆ ಅಂಕಿಗಳು ಸವೆದು ಹೋಗಿಲ್ಲ. ಅಗ್ಗದ ಗಣಕಗಳಲ್ಲಿ ಹೆಸರು, ಚಿಹ್ನೆಗಳನ್ನು ಬರಿದೇ ಮೇಲ್ಮೈಯಲ್ಲಿ ಅಚ್ಚು ಹಾಕಿರುತ್ತಾರೆ. ಅವು ಒಮ್ಮೆ ಬಲವಾಗಿ ಉಜ್ಜಿದರೆ ಸಾಕು, ಮಾಯ.

ಈಗ ಹಳದಿಯ ವಿಚಾರ. ಕೀಲಿಮಣೆ, ಗಣಕ, ಟೆಲಿಫೋನುಗಳ ಹೊದಿಕೆಗೆ ಹೆಚ್ಚಾಗಿ ಬಳಕೆಯಾದದ್ದು ಎಬಿಎಸ್ ಎಂಬ ಪ್ಲಾಸ್ಟಿಕ್. ಅಕ್ರಿಲೋನೈಟ್ರೈಲ್, ಬ್ಯೂಟಾಡೈಯೀನ್, ಸ್ಟೈರೀನ್ ಎಂಬ ಮೂರು ಪದಾರ್ಥಗಳ ಮೊದಲ ಅಕ್ಷರಗಳಿಂದ ಬಂದ ಹೆಸರು ಅದು. ಇವುಗಳಲ್ಲಿ ಬ್ಯೂಟಾಡೈಯೀನ್ ರಬ್ಬರಿನ ಗುಣ ಕೊಡುತ್ತದೆ. ಕೆಳಗೆ ಬಿದ್ದರೂ ಗಣಕ ಒಡೆಯದಿರುವುದು ಅದರಿಂದ. ಆದರೆ ದುರ್ಬಲ ಕೊಂಡಿಯೂ ಅದೇ. ಅದರ ಅಣುಸರಪಣಿಯಲ್ಲಿ ಇಂಗಾಲದ ದ್ವಿಬಂಧಗಳು ಉಳಿದಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಅಲ್ಲಿ ದಾಳಿ ಮಾಡುತ್ತವೆ. ಸರಪಣಿ ಅಲ್ಲಲ್ಲಿ ತುಂಡಾಗಿ, ಆಮ್ಲಜನಕ ಸೇರಿಕೊಂಡ ಹೊಸ ಗುಂಪುಗಳು ಹುಟ್ಟುತ್ತವೆ. ಇವು ಬೆಳಕಿನಲ್ಲಿನ ನೇರಳೆ ಮತ್ತು ನೀಲಿ ಬಣ್ಣಗಳನ್ನು ಹೀರಿಕೊಳ್ಳುತ್ತವೆ. ಬಿಳಿ ಬೆಳಕಿನಲ್ಲಿ ನೀಲಿಯನ್ನು ಕಳೆದರೆ ಕಣ್ಣಿಗೆ ಉಳಿಯುವುದು ಹಳದಿ. ಹೆಚ್ಚಿನ ಗಣಕಗಳಲ್ಲಿ ಸೆಲ್ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿದರೆ ಮೂಲದ ಬಿಳಿ ಇನ್ನೂ ಅಲ್ಲಿರುತ್ತದೆ. ಬೆಳಕು ತಾಗದ ಜಾಗವದು.

ಹಾಗೆಂದು ಬೆಳಕೊಂದೇ ತಪ್ಪಿತಸ್ಥನಲ್ಲ. ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿಟ್ಟ ವಸ್ತುಗಳೂ ನಿಧಾನವಾಗಿ ಹಳದಿಯಾಗುತ್ತವೆ. ಶಾಖ ಮತ್ತು ಗಾಳಿ ಅಷ್ಟಕ್ಕೆ ಸಾಕು. ಬೆಂಕಿ ಹಿಡಿಯದಿರಲೆಂದು ಬೆರೆಸುವ ಬ್ರೋಮಿನ್ ಸಂಯುಕ್ತಗಳೇ ಇದಕ್ಕೆಲ್ಲ ಕಾರಣ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಬ್ರೋಮಿನ್ ಇಲ್ಲದ ಎಬಿಎಸ್ ಕೂಡ ಹಳದಿಯಾಗುವುದರಿಂದ ಪೂರ್ತಿ ಆರೋಪವನ್ನು ಅದರ ಮೇಲೆ ಹೊರಿಸುವಂತಿಲ್ಲ.

ಬಿಳಿ ಮಾಡುವ ಆತುರಕ್ಕೆ ಮೊದಲು ನೋಡಬೇಕಾದದ್ದು ಸೆಲ್ ಇರುವ ಗೂಡು. ವರ್ಷಗಟ್ಟಲೆ ಒಳಗೇ ಉಳಿದ ಸೆಲ್ ಸೋರಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿರುತ್ತದೆ. ಇದನ್ನು ತೆಗೆಯಲು ವಿನೆಗರ್ ಹಚ್ಚಬೇಕು ಎಂದು ಕೆಲವರು, ಅಡುಗೆ ಸೋಡಾ ಹಚ್ಚಬೇಕು ಎಂದು ಕೆಲವರು ಹೇಳುತ್ತಾರೆ. ಇಬ್ಬರ ಮಾತೂ ಸರಿ, ಸೆಲ್ ಬೇರೆ ಬೇರೆ ಅಷ್ಟೆ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಪ್ರಬಲ ಪ್ರತ್ಯಾಮ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಅದು ಪೊಟ್ಯಾಸಿಯಂ ಕಾರ್ಬೊನೇಟಿನ ಬಿಳಿ ಪುಡಿಯಾಗುತ್ತದೆ. ಹಳೆಯ ಕಾಲದ ಸಾಧಾರಣ ಸತು-ಇಂಗಾಲದ ಸೆಲ್ಲಿನ ಸೋರಿಕೆಯಾದರೋ ಆಮ್ಲೀಯ. ಮೊದಲನೆಯದಕ್ಕೆ ವಿನೆಗರ್ ಅಥವಾ ನಿಂಬೆರಸ, ಎರಡನೆಯದಕ್ಕೆ ಅಡುಗೆ ಸೋಡಾದ ನೀರು. ಯಾವುದು ಯಾವುದೆಂದು ತಿಳಿಯಲು ಪ್ರಯೋಗಶಾಲೆಯ ಲಿಟ್ಮಸ್ ಕಾಗದವೇ ಬೇಕೆಂದಿಲ್ಲ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಬೆರೆತೊಡನೆ ಕೆಂಪಾಗುವುದನ್ನು ಕಾಣದ ಮನೆ ನಮ್ಮಲ್ಲಿಲ್ಲ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರನ್ನು ಒದ್ದೆ ಮಾಡಿ ಪುಡಿಗೆ ತಾಗಿಸಿದರೆ, ಪ್ರತ್ಯಾಮ್ಲವಾದಲ್ಲಿ ಕೆಂಪಾಗುತ್ತದೆ. ಆಮ್ಲವಾದರೆ ಹಳದಿಯಾಗಿಯೇ ಇರುತ್ತದೆ. ಎಚ್‌ಪಿ-35ರಂತಹ ಗಣಕಗಳಲ್ಲಿದ್ದ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳ ತಂಟೆಗೆ ಮಾತ್ರ ಮಕ್ಕಳು ಹೋಗಬಾರದು. ಕ್ಯಾಡ್ಮಿಯಂ ವಿಷ.

ಹೊದಿಕೆ ಬಿಚ್ಚುವಾಗ ತಾಳ್ಮೆ ಬೇಕು. ಎಚ್‌ಪಿ-35ರಲ್ಲಿ ಹಿಂಬದಿಯ ಲೇಬಲ್ಲಿನ ಅಡಿಯಲ್ಲಿ ತಿರುಪುಗಳು ಅಡಗಿವೆ. ಅದನ್ನು ಕಿತ್ತೆಸೆಯದೆ ನಿಧಾನವಾಗಿ ಎಬ್ಬಿಸಬೇಕು. ಪ್ಲಾಸ್ಟಿಕ್ ಕೊಕ್ಕೆಗಳಿಂದ ಸಿಕ್ಕಿಸಿದ ಹೊದಿಕೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಕೊಕ್ಕೆ ಮುರಿಯುತ್ತದೆ. ಹಳದಿಯಾದ ಪ್ಲಾಸ್ಟಿಕ್ ಪೆಡಸಾಗಿಯೂ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಬಿಚ್ಚಿದ ಮೇಲೆ ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಇಷ್ಟೇ ಸಾಕು. ಉಗುರುಬಣ್ಣ ಅಳಿಸುವ ದ್ರವದಲ್ಲಿ ಅಸಿಟೋನ್ ಇದ್ದರೆ ಅದು ಎಬಿಎಸ್ ಅನ್ನು ಕರಗಿಸಿಬಿಡುತ್ತದೆ. ಅಂಕಿ ಕಾಣುವ ಪಾರದರ್ಶಕ ಕಿಂಡಿ ಅಕ್ರಿಲಿಕ್ಕಿನದಾದರೆ ಸ್ಪಿರಿಟ್ ಕೂಡ ಕೂಡದು, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಕಿಂಡಿಯ ಸಣ್ಣ ಗೀರುಗಳಿಗೆ ಬಿಳಿಯ ಟೂತ್‌ಪೇಸ್ಟ್ ಹಚ್ಚಿ ಹತ್ತಿಬಟ್ಟೆಯಿಂದ ಮೆಲ್ಲಗೆ ಉಜ್ಜಬಹುದು.

ಹಳದಿ ತೆಗೆಯುವ ಮದ್ದು ಹೈಡ್ರೋಜನ್ ಪೆರಾಕ್ಸೈಡ್. 2008ರಲ್ಲಿ ಹಳೆಯ ಕಂಪ್ಯೂಟರ್ ಪ್ರೇಮಿಗಳು ಇದನ್ನು ‘ರೆಟ್ರೋಬ್ರೈಟ್’ ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ಬಿಡಿಸಿದ ಹೊದಿಕೆಯನ್ನು ಗಾಜಿನ ಇಲ್ಲವೇ ಪ್ಲಾಸ್ಟಿಕ್ ಪಾತ್ರೆಯಲ್ಲಿ ಪೆರಾಕ್ಸೈಡ್ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ ಬಿಸಿಲಿಗಿಟ್ಟು, ಆಗಾಗ ತಿರುಗಿಸುತ್ತಿದ್ದರೆ ಕೆಲವು ಗಂಟೆಗಳಲ್ಲಿ ಬಣ್ಣ ತಿಳಿಯಾಗುತ್ತದೆ. ಚಳಿದೇಶದವರು ಇದಕ್ಕೆಂದು ಅತಿನೇರಳೆ ದೀಪ ಕೊಳ್ಳುತ್ತಾರೆ. ನಮ್ಮಲ್ಲಿ ತಾರಸಿ ಸಾಕು. ಹಳದಿ ಮಾಡಿದ ಬಿಸಿಲೇ ಬಿಳಿ ಮಾಡುವುದು ವಿಚಿತ್ರವೆನಿಸಬಹುದು. ಅತಿನೇರಳೆ ಕಿರಣ ಇಲ್ಲಿ ಪೆರಾಕ್ಸೈಡ್ ಅಣುವನ್ನು ಎರಡಾಗಿ ಸೀಳುತ್ತದೆ. ಆ ಚುರುಕಾದ ತುಣುಕುಗಳು ನೀಲಿ ಹೀರುವ ಗುಂಪುಗಳನ್ನು ಒಡೆದುಹಾಕುತ್ತವೆ. ದ್ರಾವಣದಿಂದ ಒಂದು ಮೂಲೆ ಹೊರಗುಳಿದರೂ ಅಲ್ಲಿ ಪಟ್ಟೆ ಬೀಳುತ್ತದೆ. ಅತಿಯಾಗಿ ಬಿಟ್ಟರೆ ಮೇಲ್ಮೈ ಸುಣ್ಣದಂತೆ ಮಂಕಾಗುತ್ತದೆ.

ಇದು ಮಕ್ಕಳು ಒಂಟಿಯಾಗಿ ಮಾಡುವ ಕೆಲಸವಲ್ಲ. ಔಷಧ ಅಂಗಡಿಯ ದ್ರಾವಣ ತೆಳುವಾದದ್ದು, ಅದರಿಂದ ಕೆಲಸ ನಿಧಾನ. ಆದರೆ ಶೇ. 30ರಷ್ಟು ಗಾಢವಾದದ್ದು ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕೈಗವಸು, ಕನ್ನಡಕ, ಪಕ್ಕದಲ್ಲಿ ದೊಡ್ಡವರು ಈ ಮೂರೂ ಇರಬೇಕು. ಪಾತ್ರೆಯನ್ನು ಬಿಗಿಯಾಗಿ ಮುಚ್ಚಬಾರದು. ಬಿಡುಗಡೆಯಾಗುವ ಆಮ್ಲಜನಕದ ಒತ್ತಡಕ್ಕೆ ಅದು ಸಿಡಿಯಬಹುದು. ಒಳ್ಳೆಯ ಹೊದಿಕೆಯನ್ನು ಮುಳುಗಿಸುವ ಮೊದಲು ಹಳದಿಯಾದ ಯಾವುದಾದರೂ ರದ್ದಿ ಪ್ಲಾಸ್ಟಿಕ್ಕಿನ ಮೂರು ಚೂರುಗಳನ್ನು ತೆಗೆದುಕೊಂಡು, ಒಂದನ್ನು ತೆಳು ಪೆರಾಕ್ಸೈಡಿನಲ್ಲಿ ಬಿಸಿಲಿಗೆ, ಇನ್ನೊಂದನ್ನು ಪೆರಾಕ್ಸೈಡಿನಲ್ಲಿ ಕತ್ತಲೆಗೆ, ಮತ್ತೊಂದನ್ನು ಬರೀ ನೀರಿನಲ್ಲಿ ಬಿಸಿಲಿಗೆ ಇಟ್ಟು ಹೋಲಿಸಿ ನೋಡುವುದು ಲೇಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಷ್ಟೇ ಸಾಕಾದೀತು.

ಇಷ್ಟೆಲ್ಲ ಮಾಡಿ ಪಡೆದ ಬಿಳಿ, ನರೆತ ತಲೆಗೆ ಹಚ್ಚಿದ ಬಣ್ಣದಂಥದು. ತುಂಡಾದ ಅಣುಸರಪಣಿ ಮತ್ತೆ ಕೂಡಿಕೊಳ್ಳುವುದಿಲ್ಲ, ಪೆಡಸುತನ ಹಾಗೆಯೇ ಇರುತ್ತದೆ, ಕೆಲವು ವರ್ಷಗಳಲ್ಲಿ ಹಳದಿ ಮರಳುವುದೂ ಉಂಟು. ಹಿಂದಕ್ಕೆ ತಿರುಗಿಸಲಾಗದ ಯಾವ ಬದಲಾವಣೆಯನ್ನೂ ಮಾಡಬಾರದೆಂಬುದು ವಸ್ತುಸಂಗ್ರಹಾಲಯಗಳ ಸಂರಕ್ಷಕರು ಪಾಲಿಸಲೆತ್ನಿಸುವ ನಿಯಮ. ಪೆರಾಕ್ಸೈಡ್ ಆ ನಿಯಮಕ್ಕೆ ಹೊರತು. ಮನೆಯ ಗಣಕಕ್ಕೆ ಅಷ್ಟು ಕಟ್ಟುನಿಟ್ಟು ಬೇಡವೆನ್ನಬಹುದು. ಆದರೂ ಅಪ್ಪನೋ ಚಿಕ್ಕಪ್ಪನೋ ಕಾಲೇಜಿನ ದಿನಗಳಲ್ಲಿ ಪಿನ್ನಿನಿಂದ ಕೆತ್ತಿದ ಹೆಸರು, ರೋಲ್ ನಂಬರು ಹಿಂಬದಿಯಲ್ಲಿದ್ದರೆ ಮರಳುಕಾಗದ ಹಿಡಿದು ಅದನ್ನು ಉಜ್ಜಿಹಾಕುವುದು ಮೂರ್ಖತನ. ಅಂಗಡಿಯಿಂದ ತಂದ ದಿನ ಅದು ಎಲ್ಲ ಗಣಕಗಳಂತೆ ಇನ್ನೊಂದು ಗಣಕ. ಆ ಗೀರುಗಳಿಂದಲೇ ಅದು ಆ ಮನೆಯದಾದದ್ದು. ಕೊಳೆ ಮತ್ತು ಸೋರಿಕೆಯನ್ನು ತೆಗೆದು ಹಳದಿಯನ್ನು ಹಾಗೆಯೇ ಬಿಡುವುದೂ ದುರಸ್ತಿಯೇ.

ಕೆಲಸ ಮುಗಿದ ಹೊದಿಕೆಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ನೆರಳಿನಲ್ಲಿ ಒಂದು ದಿನ ಒಣಗಿಸಿ, ಆಮೇಲೆ ಜೋಡಿಸಬೇಕು. ಬಳಸದಿದ್ದಾಗ ಸೆಲ್ ಹೊರಗಿರಬೇಕು, ಗಣಕ ತಂಪಾದ ಕತ್ತಲೆಯ ಜಾಗದಲ್ಲಿರಬೇಕು. ಮುಚ್ಚುವ ಮೊದಲು ಒಳಮೈಯಲ್ಲಿ ಪೆನ್ಸಿಲಿನಿಂದ ದಿನಾಂಕವನ್ನೂ ಏನೇನು ಹಚ್ಚಿದ್ದು ಎಂಬುದನ್ನೂ ಬರೆದಿಟ್ಟರೆ, ಹಳದಿ ಮರಳಲು ಎಷ್ಟು ವರ್ಷ ಹಿಡಿಯಿತೆಂದು ಮುಂದೆ ಅದನ್ನು ತೆರೆಯುವವರು ಲೆಕ್ಕ ಹಾಕಿಕೊಳ್ಳಬಹುದು.